ಬಂಡಿ ನಿಂತ ಕಡೆ ಒಲೆ ಹಚ್ಚಿದ್ರು

ಬೆಂಗ್ಳೂರಿಂದ ಮೈಸೂರು ಕಡೆಗೆ ಕಾರು ಹೊಂಟ್ರೆ ನಮ್ಮನೇಲಿ ಒಂದು ಮಾತು ಬಂದೇ ಬತ್ತದೆ, ತಿಂಡಿಗೆ ಎಲ್ಲಿ ನಿಲ್ಸೋದು ಅಂತ. ಒಬ್ರು ಬಿಡದಿ ತಟ್ಟೆ ಇಡ್ಲಿ ಅಂತಾರೆ, ಒಬ್ರು ಮದ್ದೂರಿಗೆ ಹೋಗಿ ವಡೆ ತಿನ್ನಾಣ ಅಂತಾರೆ, ಗಂಡಸರಿಗೆ ಮಿಲ್ಟ್ರಿ ಹೋಟ್ಲಿನ ಮುದ್ದೆ, ನಾಟಿಕೋಳಿ ಸಾರಿನ ಮೇಲೆ ಕಣ್ಣು. ಹೊಟ್ಟೆ ಹಸಿದ ಕಡೆ ನಿಲ್ಲಿಸ್ತೀವಿ ಅಂತ ನಾವು ಅಂದ್ಕಂಡಿರ್ತೀವಿ. ಈ ದಾರಿ ಚರಿತ್ರೆ ನೋಡಿದ್ರೆ ಹಂಗಿಲ್ಲ. ಎಲ್ಲಿ ನಿಲ್ಬೇಕು ಅಂತ ಹೇಳ್ತಿದ್ದದ್ದು ಯಾವತ್ತೂ ನಮ್ಮ ಹೊಟ್ಟೆ ಅಲ್ಲ, ನಾವು ಕುಂತಿದ್ದ ಬಂಡಿ. ಎತ್ತಿಗೆ ದಣಿವಾದ ಕಡೆ ಛತ್ರ ಎದ್ದಿತು. ಎಂಜಿನ್ನಿಗೆ ಬಾಯಾರಿದ ಕಡೆ ವಡೆ ಹುಟ್ಟಿತು. ಬಸ್ಸು ನಿಂತ ಕಡೆ ಹೋಟ್ಲು ಬಂತು. ಈಗ ಬಂಡಿಗೆ ಎಲ್ಲೂ ನಿಲ್ಲೋ ಅಗತ್ಯಾನೇ ಇಲ್ಲ. ಅದ್ಕೆ ಈ ಕತೇನ ಒಂದು ಸಲ ಬರೆದಿಡಾಣ ಅನ್ನಿಸ್ತು.

ಮೊದಲು ಎತ್ತಿನ ಗಾಡಿ ಕಾಲ ತಕ್ಕಳ್ಳಿ. ಹಳೇ ದಾರೀಲಿ ಬೆಂಗ್ಳೂರಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ಭಾರ ಹೇರಿದ ಗಾಡಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ಹೋದ್ರೆ ಅದೇ ದೊಡ್ಡದು. ಅಂದ್ರೆ ಆರೇಳು ದಿನದ ದಾರಿ. ದಾರಿ ಮೇಲಿರೋ ಊರುಗಳನ್ನ ಒಂದು ಸಲ ಮನಸಲ್ಲಿ ಎಣಿಸಿ ನೋಡಿ: ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಒಂದಕ್ಕೂ ಇನ್ನೊಂದಕ್ಕೂ ಸರಾಸರಿ ಹೆಚ್ಚು ಕಮ್ಮಿ ಇಪ್ಪತ್ತು ಕಿಲೋಮೀಟರು. ಎತ್ತು ಒಂದು ದಿನಕ್ಕೆ ಎಷ್ಟು ನಡೀತದೋ ಅಷ್ಟೇ ಅಳತೆ. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಅಂತ ಹೆಸರು, ಮೈಸೂರಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅನ್ನೋನ ಹೆಸರಿಂದ ಬಂದದ್ದು. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಕಂಪನಿ ಸರ್ಕಾರದ ಅಪ್ಪಣೆ ಮೇಲೆ ಈ ಸೀಮೆನೆಲ್ಲ ಸುತ್ತಿ, ಯಾವ ಊರಲ್ಲಿ ಏನು ಬೆಳೀತಾರೆ, ಏನು ಮಾಡ್ತಾರೆ ಅಂತ ದಿನಾ ಬರ್ಕಂಡ. ಅದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಅವನ ಪ್ರಯಾಣದ ಲೆಕ್ಕವೂ ಹಿಂಗೇ, ಇವತ್ತು ಈ ಊರು, ನಾಳೆ ಆ ಊರು.

ಆ ಕಾಲದಲ್ಲಿ ದಾರೀಲಿ ಏನು ಸಿಗ್ತಿತ್ತು? ನೀರು ಸಿಗ್ತಿತ್ತು, ನೆರಳು ಸಿಗ್ತಿತ್ತು. ಬ್ಯಾಸಗೇಲಿ ಪುಣ್ಯ ಬರ್ಲಿ ಅಂತ ಅರವಟ್ಟಿಗೆ ಇಟ್ಟು ನೀರು, ಮಜ್ಜಿಗೆ, ಪಾನಕ ಕೊಡೋರು. ಸಾಲುಮರ, ಕಟ್ಟೆ, ಬಾವಿ ಇರೋವು. ರಾತ್ರಿ ತಂಗಕ್ಕೆ ಛತ್ರ. ಆದ್ರೆ ಛತ್ರ ಅಂದ್ರೆ ಈಗಿನ ಹೋಟ್ಲಲ್ಲ. ಅನ್ನಛತ್ರದಲ್ಲಿ ಕೆಲವು ಜಾತಿಯೋರಿಗೆ ಊಟ ಇಕ್ಕೋರು, ಅದು ಬಿಟ್ರೆ ಮಿಕ್ಕೋರಿಗೆ ಸೂರು, ಒಲೆ ಹೂಡಕ್ಕೆ ಮೂರು ಕಲ್ಲು, ಅಷ್ಟೇ. ಅಕ್ಕಿ, ಬ್ಯಾಳೆ, ಪಾತ್ರೆ ಎಲ್ಲ ನೀವೇ ತರಬೇಕು. ನಿಮ್ಮ ಅಡುಗೆ ನೀವೇ ಬೇಯಿಸ್ಕಬೇಕು.

ಯಾಕಂದ್ರೆ ಎರಡು ಕಟ್ಟು ಇದ್ವು. ಒಂದು, ಯಾರು ಬೇಯಿಸಿದ್ದನ್ನ ಯಾರು ತಿನ್ನಬೈದು ಅನ್ನೋ ಜಾತಿ ಕಟ್ಟು. ಗೊತ್ತಿಲ್ಲದೋರ ಕೈ ಅಡುಗೆ ಬಾಯಿಗೆ ಹೋಗಂಗಿಲ್ಲ. ಇನ್ನೊಂದು, ಅನ್ನ ಮಾರಬಾರದು ಅನ್ನೋ ನಂಬಿಕೆ. ಅಕ್ಕಿ ಮಾರಿದ್ರೆ ವ್ಯಾಪಾರ, ಬೆಂದ ಅನ್ನ ಮಾರಿದ್ರೆ ಪಾಪ. ನಮ್ಮಜ್ಜಿ ಕಡೇವರೆಗೂ ಹೋಟ್ಲು ಅಂದ್ರೆ ಮೂಗು ಮುರಿಯೋಳು. "ದುಡ್ಡು ಕೊಟ್ಟು ಅನ್ನ ಉಣ್ಣದಾ? ನಂಟ್ರು ಇಲ್ವಾ, ಮನೆ ಇಲ್ವಾ ನಿಂಗೆ?" ಅನ್ನೋಳು. ಅವಳ ಲೆಕ್ಕದಲ್ಲಿ ಹೋಟ್ಲಲ್ಲಿ ಉಣ್ಣೋನು ಅಂದ್ರೆ ದಿಕ್ಕಿಲ್ಲದೋನು.

ಅದ್ಕೇ ಬುತ್ತಿ. ನಮ್ಮ ಕಡೆ ಹೆಂಗಸರ ಕಸುಬುಗಾರಿಕೆ ಏನು ಅಂತ ನೋಡ್ಬೇಕು ಅಂದ್ರೆ ದೂರದ ದಾರಿಗೆ ಕಟ್ಟೋ ಬುತ್ತೀಲಿ ನೋಡಿ. ಮುದ್ದೆ ಹೊಲಕ್ಕೆ ಸರಿ, ಮೂರು ದಿನದ ದಾರಿಗೆ ಆಗಕ್ಕಿಲ್ಲ. ದಾರಿಗೆ ಹುರಿಹಿಟ್ಟು ಬೇಕು. ರಾಗೀನ ಅರಳು ಹುರಿದು ಬೀಸಿದ ಹಿಟ್ಟು, ಒಂದು ಉಂಡೆ ಬೆಲ್ಲ, ಒಂದು ಚೊಂಬು ನೀರೋ ಮಜ್ಜಿಗೆನೋ ಇದ್ರೆ ಸಾಕು, ಒಲೆ ಹಚ್ಚಂಗಿಲ್ಲ, ತಿಂಗಳುಗಟ್ಟಲೆ ಕೆಡಕ್ಕಿಲ್ಲ. ಅನ್ನ ಕಟ್ಟಬೇಕು ಅಂದ್ರೆ ಹುಣಸೇಹಣ್ಣಿನ ಗೊಜ್ಜು, ಎಣ್ಣೆ ಜಾಸ್ತಿ ಬಿಟ್ಟು ಕಲಸೋದು. ಹುಳಿ, ಎಣ್ಣೆ, ಉಪ್ಪು ಮೂರೂ ಸೇರಿ ಅನ್ನ ಹಳಸದಂಗೆ ಕಾಯ್ತವೆ. ಮೊಸರನ್ನದ ಗುಟ್ಟು ಇನ್ನೂ ಚೆಂದ. ಬೆಳಗ್ಗೆ ಮೊಸರು ಹಾಕಿ ಕಲಸಿದ್ರೆ ಮಧ್ಯಾಹ್ನಕ್ಕೆ ಹುಳಿ ಬತ್ತದೆ. ಅದ್ಕೆ ಮೆತ್ತಗೆ ಬೆಂದ ಅನ್ನಕ್ಕೆ ಹಾಲು ಹುಯ್ದು, ಒಂದೇ ಒಂದು ಚಮಚ ಮೊಸರು ಬಿಟ್ಟು ಕಟ್ಟಬೇಕು. ದಾರೀಲಿ ಹೋಯ್ತಾ ಹೋಯ್ತಾ ಅದೇ ಹೆಪ್ಪಾಯ್ತದೆ, ಉಣ್ಣೋ ಹೊತ್ತಿಗೆ ಸರಿಯಾಗಿ ಮೊಸರನ್ನ. ಅಂದ್ರೆ ಬುತ್ತಿ ಕಟ್ಟೋಳಿಗೆ ದಾರಿ ಎಷ್ಟು ಗಂಟೆದು ಅನ್ನೋ ಲೆಕ್ಕ ಬಾಯಿಪಾಠ ಇರ್ತಿತ್ತು.

ಇನ್ನು ರೈಲಿನ ಕಾಲ. 1876ರಿಂದ 78ರವರೆಗೆ ಮೈಸೂರು ಸೀಮೇಲಿ ಭಾರೀ ಬರ ಬಿತ್ತು. ನಮ್ಮ ಕಡೆ ಹಳಬರು ಇವತ್ತಿಗೂ ಧಾತು ಈಶ್ವರದ ಬರ ಅಂತಾರಲ್ಲ, ಅದೇ. ಲಕ್ಷಾಂತರ ಜನ ಹೊಟ್ಟೆಗಿಲ್ಲದೆ ಸತ್ರು. ಹಸಿದೋರಿಗೆ ಕೂಲಿ ಕೊಡಬೇಕು ಅಂತ ಶುರು ಮಾಡಿದ ಕೆಲಸಗಳಲ್ಲಿ ಬೆಂಗ್ಳೂರು–ಮೈಸೂರು ರೈಲುದಾರಿ ಮಣ್ಣಿನ ಕೆಲಸವೂ ಒಂದು. 1880ರ ದಶಕದ ಆರಂಭದಲ್ಲಿ ಮೀಟರ್ ಗೇಜಿನ ಗಾಡಿ ಓಡಕ್ಕೆ ಶುರುವಾಯ್ತು. ನಾವು ಮದ್ದೂರು ಸ್ಟೇಷನ್ನಲ್ಲಿ ವಡೆ ನೆನೆಸ್ಕಂಡಾಗ ಇದನ್ನೂ ನೆನಿಬೇಕು ಅನ್ನಿಸ್ತದೆ ನಂಗೆ. ಆ ಕಂಬಿ ಹಾಸಿರೋ ದಿಬ್ಬ ಹಸಿದೋರು ಹೊತ್ತ ಮಣ್ಣಿಂದು.

ರೈಲು ಬಂದ್ಮೇಲೆ ಆರು ದಿನದ ದಾರಿ ಒಂದು ಹಗಲಿಗೆ ಇಳೀತು. ರಾತ್ರಿ ತಂಗೋ ಊರುಗಳಿಗೆ ತಂಗೋರು ಇಲ್ದಂಗಾಯ್ತು. ಛತ್ರಗಳು ರೈಲು ಹೊರಡೋ ಊರಿಗೆ, ರೈಲು ಮುಟ್ಟೋ ಊರಿಗೆ ಹೋದ್ವು. ಬೆಂಗ್ಳೂರಿನ ರೈಲ್ವೆ ಸ್ಟೇಷನ್ ಎದುರುಗಡೆ ಗುಬ್ಬಿ ತೋಟದಪ್ಪನವರ ಛತ್ರ ಶುರುವಾಗಿದ್ದು 1903ರಲ್ಲಿ. ಬೆಂಗ್ಳೂರಿಗೆ ಕೋರ್ಟು, ಆಸ್ಪತ್ರೆ, ಸ್ಕೂಲು ಅಂತ ಬಂದ ಎಷ್ಟು ಹಳ್ಳಿಯೋರು ಅಲ್ಲಿ ಮಲಗಿ ಎದ್ದವರೋ ಲೆಕ್ಕ ಇಲ್ಲ.

ಆದ್ರೆ ಉಗಿ ಎಂಜಿನ್ನಿಗೂ ಒಂದು ದಣಿವು ಇತ್ತು. ಅದಕ್ಕೆ ನೀರು ಬೇಕು. ಹಂಗಾಗಿ ಕೆಲವು ಸ್ಟೇಷನ್ನಲ್ಲಿ ಗಾಡಿ ಹೊತ್ತು ನಿಲ್ಲೋದು. ನಿಂತ ಗಾಡೀಲಿ ನೂರಾರು ಜನ, ಕೈಯಲ್ಲಿ ಕಾಸು, ಹೊಟ್ಟೇಲಿ ಹಸಿವು. ಅಲ್ಲಿಗೆ ಬಂದೋರು ಕರಾವಳಿ ಕಡೆ ಬ್ರಾಹ್ಮಣ ಅಡುಗೆಯೋರು. ಮದ್ದೂರು ವಡೆ ಕತೆ ನಿಮಗೆಲ್ಲ ಗೊತ್ತಿರೋದೇ. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಅನ್ನೋರು ಮದ್ದೂರು ಸ್ಟೇಷನ್ನಲ್ಲಿ ಇಡ್ಲಿ, ಪಕೋಡ ಮಾಡಿ ಮಾರ್ತಿದ್ರು. 1917ರಲ್ಲಿ ಒಂದು ದಿನ ಗಾಡಿ ಹೊತ್ತಿಗೆ ಮುಂಚೆನೇ ಬಂದುಬುಡ್ತು. ಪಕೋಡ ಒಂದೊಂದಾಗಿ ಬಿಡಕ್ಕೆ ಟೈಮಿಲ್ಲ. ಹಿಟ್ಟನ್ನ ಹಂಗೇ ಅಂಗೈಲಿ ತಟ್ಟಿ ಎಣ್ಣೆಗೆ ಬಿಟ್ರು, ಬಿಸಿಬಿಸಿ ತಕ್ಕಂಡೋಗಿ ಕಿಟಕಿಗೆ ಕೊಟ್ರು, ಜನ ಇನ್ನೂ ಬೇಕು ಅಂದ್ರು. ಕತೆ ಹೇಳೋದು ಹಿಂಗೆ.

ಕತೆ ಎಷ್ಟು ನಿಜ ಅಂತ ಕೇಳೋರಿಗೆ ನಾನು ವಡೇನೇ ಸಾಕ್ಷಿ ಕೊಡ್ತೀನಿ. ಮನೇಲಿ ಮಾಡೋ ಉದ್ದಿನ ವಡೆ ಹೆಂಗಿರ್ತದೆ? ಬ್ಯಾಳೆ ನೆನೆಸಬೇಕು, ರುಬ್ಬಬೇಕು, ಕರಿದ ಮೇಲೆ ಬಿಸೀಲೇ ತಿನ್ನಬೇಕು, ಸಂಜೆ ಹೊತ್ತಿಗೆ ಮೆತ್ತಗಾಯ್ತದೆ. ಮದ್ದೂರು ವಡೆಗೆ ನೆನೆಸೋದೂ ಇಲ್ಲ, ರುಬ್ಬೋದೂ ಇಲ್ಲ. ಅಕ್ಕಿಹಿಟ್ಟು, ಸಣ್ಣರವೆ, ಮೈದಾ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು, ಕಾದ ಎಣ್ಣೆನೋ ತುಪ್ಪನೋ. ಇದನ್ನೆಲ್ಲ ಮೊದಲು ಒಣಗೇ ಉಜ್ಜಿ ಕಲಸಿ, ಆಮೇಲೆ ಕಮ್ಮಿ ನೀರು ಚಿಮುಕಿಸಿ ಉಂಡೆ ಮಾಡಬೇಕು. ಈರುಳ್ಳಿ ಬಿಡೋ ನೀರೇ ಅರ್ಧ ಸಾಕಾಯ್ತದೆ. ತೆಳ್ಳಗೆ ತಟ್ಟಿ ಹದವಾದ ಉರೀಲಿ ಕರೀಬೇಕು. ನೀರಿನ ಅಂಶ ಕಮ್ಮಿ ಇರೋದ್ರಿಂದ ಮಾರನೇ ದಿನಕ್ಕೂ ತಡೀತದೆ. ತಟ್ಟೆ ಬೇಡ, ಸಾಂಬಾರ್ ಬೇಡ, ಒಂದು ಚೂರು ಪೇಪರ್ ಮೇಲೆ ಚಟ್ನಿ ಜೊತೆ ಕಿಟಕಿಯೊಳಗೆ ತೂರಿಸಬೈದು. ಕೂತ ಕಡೇನೇ ತಿನ್ನಬೈದು, ಮಿಕ್ಕಿದ್ದನ್ನ ಮೈಸೂರಲ್ಲಿರೋ ಮಕ್ಕಳಿಗೆ ಕಟ್ಕಂಡೋಗಬೈದು. ಇದು ಪೂರಾ ಒಂದು ರೈಲಿನ ಟೈಮಿಗೆ ತಕ್ಕಂಗೆ ಹುಟ್ಟಿದ ತಿಂಡಿ. ಬುತ್ತಿ ಗುಣಾನೂ ಐತೆ, ಹೋಟ್ಲು ಗುಣಾನೂ ಐತೆ.

ಅಜ್ಜಿಯಂತೋರ ಅನ್ನದ ಕಟ್ಟನ್ನ ಈ ತಿಂಡಿ ಹೆಂಗೆ ದಾಟಿತು ಅನ್ನೋದೂ ಗಮನಿಸಬೇಕಾದ್ದೆ. ವಡೆ ಅನ್ನ ಅಲ್ಲ. ಎಣ್ಣೇಲಿ ಕರಿದದ್ದಕ್ಕೆ ಮೈಲಿಗೆ ಕಮ್ಮಿ ಅನ್ನೋದು ಹಳೇ ನಂಬಿಕೆ, ಜಾತ್ರೇಲಿ ಪುರಿ, ಬೋಂಡ ಕೊಂಡು ತಿನ್ನಕ್ಕೆ ಯಾರ ಅಡ್ಡೀನೂ ಇರ್ಲಿಲ್ಲ. ಮಾಡೋರು ಬ್ರಾಹ್ಮಣರು ಆದ್ರಿಂದ ಉಳಿದ ಜಾತಿಯೋರು ಯಾರು ಬೇಕಾದ್ರೂ ತಿನ್ನಬೈದು. ಹೋಟ್ಲಿಗೆ ಮೊದಲು ಬಂದದ್ದು ತಿಂಡಿ, ಕಾಫಿ. ಊಟ ಬಂದದ್ದು ಆಮೇಲೆ. ಬೆಂಗ್ಳೂರಲ್ಲಿ 1924ರಲ್ಲಿ ಉಡುಪಿ ಸೀಮೆ ಪಾರಂಪಳ್ಳಿಯ ಮಯ್ಯ ಸಹೋದರರು ಶುರು ಮಾಡಿದ ಹೋಟ್ಲು, ನಾವೆಲ್ಲ ಎಂಟಿಆರ್ ಅನ್ನೋದು, ಅದರ ಮೊದಲ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. ಆಗ ಆ ಹೆಸರು ಒಂದು ಭರವಸೆ ಇದ್ದಂಗೆ. ಯಾರ ಕೈ ಅಡುಗೆ ಅಂತ ಬೋರ್ಡೇ ಹೇಳ್ತಿತ್ತು.

ಎಲ್ರೂ ತಿನ್ನಬೈದು ಅಂತ ಆದ್ರೂ, ಎಲ್ರೂ ಕೂರಬೈದು ಅಂತ ಆಗ್ಲಿಲ್ಲ. ಇದನ್ನ ಬಿಟ್ಟು ಹೋಟ್ಲು ಚರಿತ್ರೆ ಬರೆದ್ರೆ ಅದು ಅರ್ಧ ಚರಿತ್ರೆ. ದಕ್ಷಿಣದ ರೈಲ್ವೆ ಸ್ಟೇಷನ್ನುಗಳ ಊಟದ ಮನೇಲಿ ಬ್ರಾಹ್ಮಣರಿಗೆ ಒಂದು ಕಡೆ, ಮಿಕ್ಕೋರಿಗೆ ಒಂದು ಕಡೆ ಅಂತ 1940ರ ಹೊತ್ತಲ್ಲೂ ಇತ್ತು. ಉತ್ತರದ ಕಡೆ ಸ್ಟೇಷನ್ನಲ್ಲಿ ಹಿಂದೂ ನೀರು, ಮುಸಲ್ಮಾನ್ ನೀರು ಅಂತ ಕೂಗಿ ಬೇರೆ ಬೇರೆ ಕೊಡೋರು. ಊರ ಹೋಟ್ಲುಗಳಲ್ಲಿ ದಲಿತರಿಗೆ ಒಳಗೆ ಜಾಗ ಇಲ್ಲ, ಹೊರಗೆ ಬೇರೆ ಲೋಟ.

ನಮ್ಮ ಮನೇಲೂ ಇದರ ಒಂದು ನೆನಪು ಐತೆ. ನಮ್ಮಪ್ಪ ಸಣ್ಣ ಹುಡುಗ ಆಗಿದ್ದಾಗ ತಾತನ ಜೊತೆ ದನದ ಜಾತ್ರೆಗೆ ಹೋಗಿದ್ರಂತೆ. ಜೊತೇಲಿ ನಮ್ಮ ಹೊಲದಲ್ಲಿ ಕೆಲಸ ಮಾಡೋ ಆಳು, ಅವರ ಕೇರಿ ಬೇರೆ. ಮೂರು ಜನಾನೂ ರಾತ್ರಿಯೆಲ್ಲ ಎತ್ತು ಹೊಡ್ಕಂಡು ನಡೆದವರು. ಬೆಳಗ್ಗೆ ಒಂದು ಹೋಟ್ಲು ಹತ್ರ ನಿಂತ್ರೆ ತಾತ, ಅಪ್ಪ ಒಳಗೋದ್ರು. ಅವರು ಹೊರಗೆ ಜಗಲಿ ಕೆಳಗೆ ಕುಂತ್ರು. ಅವರಿಗೆ ತೆಂಗಿನ ಕರಟದಲ್ಲಿ ಟೀ ಕೊಟ್ರು. ಕುಡಿದು ಕರಟ ಎಸೆದು ಎತ್ತು ಹೊಡ್ಕಂಡು ಮುಂದೆ ನಡೆದ್ರು. ಅಪ್ಪ ಇದನ್ನ ನಂಗೆ ಹೇಳಿದ್ದು ಅವರಿಗೆ ಎಪ್ಪತ್ತು ದಾಟಿದ ಮೇಲೆ. "ರಾತ್ರಿಯೆಲ್ಲ ನನ್ನ ಹೆಗಲ ಮೇಲೆ ಕೂರಿಸ್ಕಂಡು ನಡೆದೋನು ಕಣವ್ವ. ಆ ಹೊತ್ನಲ್ಲಿ ನಂಗೆ ಏನೂ ಅನ್ನುಸ್ಲಿಲ್ಲ, ಎಲ್ಲಾ ಅಂಗೇ ಇತ್ತಲ್ಲ" ಅಂದ್ರು. ಆಮೇಲೆ ಬಾಳ ಹೊತ್ತು ಏನೂ ಮಾತಾಡ್ಲಿಲ್ಲ.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧೀಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟ್ಲು ಅಂತ ಹೆಸರು ಹೇಳೇ ಬರೆದವ್ರೆ, ಜಾತಿ ಧರ್ಮ ಅಂತ ಯಾರನ್ನೂ ತಡೆಯಂಗಿಲ್ಲ ಅಂತ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆನೂ ಅದೇ ವಿಧೀಲಿ ಬತ್ತವೆ. ಒಂದು ದೇಶದ ಸಂವಿಧಾನದಲ್ಲಿ ಹೋಟ್ಲು ಯಾಕೆ ಬಂತು ಅಂತ ಸ್ಕೂಲಲ್ಲಿ ಓದುವಾಗ ನಂಗೆ ಅರ್ಥ ಆಗಿರ್ಲಿಲ್ಲ. ಆ ಕರಟದ ಕತೆ ಕೇಳಿದ ಮೇಲೆ ಅರ್ಥ ಆಯ್ತು. 17ನೇ ವಿಧಿ ಅಸ್ಪೃಶ್ಯತೇನೇ ತೆಗೆದು ಹಾಕಿತು, 1955ರಲ್ಲಿ ಅದಕ್ಕೆ ಶಿಕ್ಷೆ ಕೊಡೋ ಕಾನೂನೂ ಬಂತು. ಕಾನೂನು ಬಂದ ಮಾರನೇ ದಿನಾನೇ ಎರಡನೇ ಲೋಟ ಹೋಗ್ಲಿಲ್ಲ, ಎಷ್ಟೋ ಊರಲ್ಲಿ ಬಾಳ ವರ್ಷ ಉಳೀತು. ಆದ್ರೆ ದೊಡ್ಡ ರಸ್ತೆ ಬದಿ ಹೋಟ್ಲಲ್ಲಿ ಮೊದಲು ಸಡಿಲ ಆಯ್ತು. ಯಾಕೆ ಅಂದ್ರೆ ಬಸ್ಸು ಇಳಿದು ಬಂದೋನು ಯಾರ ಮಗ, ಯಾವ ಕೇರಿ ಅಂತ ಮಾಲೀಕನಿಗೆ ಗೊತ್ತಾಗದು ಹೆಂಗೆ? ಊರೊಳಗಿನ ಹೋಟ್ಲಿಗೆ ಎಲ್ಲರ ಗುರುತು ಇರ್ತದೆ. ದಾರಿ ಹೋಟ್ಲಿಗೆ ಗುರುತಿಲ್ಲ. ಆ ಗುರುತಿಲ್ಲದೇ ಇರೋದೇ ಕೆಲವರಿಗೆ ಬಿಡುಗಡೆ ಆಯ್ತು.

ಬಸ್ಸಿನ ಮಾತು ಬಂತಲ್ಲ. 1948ರ ಸೆಪ್ಟೆಂಬರಲ್ಲಿ ಮೈಸೂರು ಸರ್ಕಾರ ರಸ್ತೆ ಸಾರಿಗೆ ಇಲಾಖೆ 120 ಬಸ್ಸು ಇಟ್ಕಂಡು ಶುರುವಾಯ್ತು. 1961ರಲ್ಲಿ ಅದು ನಿಗಮ ಆಯ್ತು, ಈಗಿನ ಕೆಎಸ್ಸಾರ್ಟಿಸಿ. ಬಸ್ಸಿಗೆ ಎತ್ತಿನ ದಣಿವಿಲ್ಲ, ಎಂಜಿನ್ನಿನ ಬಾಯಾರಿಕೆ ಅಷ್ಟಿಲ್ಲ, ಆದ್ರೆ ಡ್ರೈವರಿಗೆ ದಣಿವು ಐತೆ. "ಹತ್ನಿಮ್ಷ ಟೈಮೈತೆ, ಟೀ ಕಾಫಿ ಕುಡಿಯೋರು ಕುಡಿರಿ" ಅಂತ ಕಂಡಕ್ಟರ್ ಕೂಗಿದ ಜಾಗದಲ್ಲಿ ಹೋಟ್ಲು ಬೆಳೆದ್ವು. ಡ್ರೈವರು, ಕಂಡಕ್ಟರಿಗೆ ಒಳಗಡೆ ಬೇರೆ ಟೇಬಲ್ಲು, ದುಡ್ಡು ತಗಳಕ್ಕಿಲ್ಲ. ಅವರು ಐವತ್ತು ಜನನ್ನ ಕರ್ಕಂಡು ಬತ್ತಾರಲ್ಲ. ಮದ್ದೂರು ವಡೆ ಸ್ಟೇಷನ್ನಿಂದ ಬಸ್ ಸ್ಟಾಂಡಿಗೆ, ಬಸ್ ಸ್ಟಾಂಡಿಂದ ಹೆದ್ದಾರಿ ಬದಿಗೆ ಹಿಂಗೇ ನಡೆದು ಬಂತು. ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ ಅಂಗಡಿ, ಮಂಡ್ಯದ ಕಬ್ಬಿನ ಹಾಲು, ಎಲ್ಲದಕ್ಕೂ ನಿಂತ ಬಂಡೀನೇ ಗಿರಾಕಿ.

ಈಗ ಮನೆ ಹೆಂಗಸರ ಕಡೆಯಿಂದ ಒಂದು ಸಲ ನೋಡಿ. ಗಂಡಸರು ಸಂತೆ, ಕೋರ್ಟು, ಸಿನಿಮಾ ಅಂತ ಹೋದಾಗ ಹೋಟ್ಲು ಕಂಡಿದ್ರು. ಹೆಂಗಸರು ಕಂಡದ್ದು ಬಾಳ ತಡವಾಗಿ, ಅದೂ ದಾರೀಲಿ. ಮೊದಮೊದಲು ಬಸ್ಸಿಂದ ಇಳಿಯೋದೇ ಇಲ್ಲ. ಗಂಡನೋ ಅಣ್ಣನೋ ಇಳಿದೋಗಿ ಪೇಪರಲ್ಲಿ ವಡೆ ಕಟ್ಟಿಸ್ಕಂಡು ಬಂದು ಕಿಟಕೀಲಿ ಕೊಡೋದು, ಅವರು ಸೆರಗು ಮುಂದಕ್ಕೆ ಎಳ್ಕಂಡು ತಿನ್ನೋದು. ಇಳಿದ್ರೂ ಹೋಗಕ್ಕೆ ಮರೆ ಇಲ್ಲ. ಎಷ್ಟೋ ಜನ ದಾರಿ ಪೂರ್ತಿ ನೀರೇ ಕುಡೀದಂಗೆ ಬರೋರು. ಆಮೇಲೆ ಹೋಟ್ಲುಗಳಲ್ಲಿ "ಫ್ಯಾಮಿಲಿ ರೂಮ್" ಅಂತ ಬಂತು. ಮರದ ಹಲಗೆ ಅಡ್ಡ ಇಟ್ಟು, ಒಂದು ಬಟ್ಟೆ ಪರದೆ ಇಳಿಬಿಟ್ಟ ಸಣ್ಣ ಗೂಡು. ಒಳಗೆ ನಾಕು ಕುರ್ಚಿ, ಒಂದು ಟೇಬಲ್ಲು. ಇವತ್ತಿನ ಹೆಣ್ಮಕ್ಕಳಿಗೆ ಅದು ಕೂಡಾಕಿದಂಗೆ ಕಾಣಬೈದು. ನಮ್ಮವ್ವನಿಗೆ ಅದು ಹೊಸ ಲೋಕ.

ಅವ್ವ ಮೊದಲನೇ ಸಲ ಹೋಟ್ಲೊಳಗೆ ಕುಂತದ್ದು ಮದ್ವೆಯಾಗಿ ಒಂಬತ್ತು ವರ್ಷ ಆದ್ಮೇಲೆ, ಮೈಸೂರಿಂದ ಬರೋ ದಾರೀಲಿ ಹಿಂಗೇ ಒಂದು ಪರದೆ ಹಿಂದೆ. ಏನು ತಿಂದೆ ಅಂತ ಕೇಳಿದ್ರೆ ಸರಿಯಾಗಿ ನೆನಪಿಲ್ಲ, ಮಸಾಲೆದೋಸೆ ಇರಬೈದು ಅಂತಾಳೆ. ಆದ್ರೆ ಒಂದು ಮಾತು ಮಾತ್ರ ಮರೆತಿಲ್ಲ. "ನಾನು ಕುಂತಿದ್ದೆ, ಅವನು ನಿಂತಿದ್ದ. ಇನ್ನೇನು ಬೇಕಮ್ಮ ಅಂತ ಕೇಳ್ದ. ನಂಗೆ ಇನ್ನೇನು ಬೇಕು ಅಂತ ಅದುವರ್ಗೂ ಯಾರೂ ಕೇಳಿರ್ಲಿಲ್ಲ." ಅವ್ವನಿಗೆ ಬೇರೆಯೋರು ಬಡಿಸಿದ್ದು ಅಂದ್ರೆ ಮದ್ವೆ ಮನೆ ಪಂಕ್ತೀಲಿ, ಅದು ಬಿಟ್ರೆ ದಾರಿ ಹೋಟ್ಲಲ್ಲಿ. ತಾನು ಬೇಯಿಸದೇ ಇರೋದನ್ನ, ಬಿಸಿ ಇರುವಾಗ, ಕುಂತ್ಕಂಡು ತಿನ್ನೋದು. ಹುರಿಹಿಟ್ಟು, ಹುಳಿಯನ್ನ ಅಂತ ನಾವು ಬುತ್ತೀನ ಎಷ್ಟು ಹೊಗಳಿದ್ರೂ, ಆ ಬುತ್ತಿ ಕಟ್ಟಕ್ಕೆ ಕೋಳಿ ಕೂಗೋಕೆ ಮುಂಚೆ ಎದ್ದವಳು ಯಾರು ಅನ್ನೋದನ್ನ ಮರೀಬಾರದು.

ಇನ್ನು ಈಗಿನ ಕಾಲ. 2023ರ ಮಾರ್ಚ್ 12ರಂದು ಬೆಂಗ್ಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯ್ತು. 118 ಕಿಲೋಮೀಟರು, ನಡುವೆ ಆರು ಪಥ, ಮಗ್ಗುಲಲ್ಲಿ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ನಾನು ಮೊದಲು ಎಣಿಸಿದ ಊರುಗಳು ಒಂದೂ ಬಿಡದಂಗೆ ದಾರಿಯಿಂದ ಆಚೆಗೆ ಹೋದ್ವು. ಕೆಲವಕ್ಕೆ ಬೈಪಾಸು, ಕೆಲವು ಕಡೆ ಊರ ಮೇಲೇ ಸೇತುವೆ. ಮೂರು ಗಂಟೆ ಹಿಡಿಯೋ ದಾರಿ ಒಂದೂವರೆ ಗಂಟೆಗೆ ಬಂತು. ಅಷ್ಟು ಹೊತ್ತಿನಲ್ಲಿ ಕಾರಿಗೂ ದಣಿವಿಲ್ಲ, ಓಡ್ಸೋರಿಗೂ ದಣಿವಿಲ್ಲ. ಎತ್ತಿನ ನಡಿಗೆ ಅಳತೇಲಿ ಹುಟ್ಟಿ, ರೈಲಿನ ನೀರಲ್ಲಿ, ಬಸ್ಸಿನ ಹತ್ತು ನಿಮಿಷದಲ್ಲಿ ಬದುಕಿದ ಊರುಗಳಿಗೆ ಇದು ಮೊದಲನೇ ಸಲ, ಬಂಡಿಗೆ ಅವು ಬೇಡವಾದದ್ದು. ಹಳೇ ರಸ್ತೆ ಬದಿ ಎಷ್ಟೋ ಹೋಟ್ಲು ಬಾಗಿಲು ಹಾಕಿದ್ವು, ಬೊಂಬೆ ಅಂಗಡಿಯೋರು ಗಿರಾಕಿ ಇಲ್ಲ ಅಂತ ಗೋಳಾಡಿದ್ರು.

ಹೊಸ ರಸ್ತೆ ಬೇಡ ಅಂತ ನಾನು ಹೇಳ್ತಿಲ್ಲ. ಹಳೇ ರಸ್ತೇಲಿ ಊರೊಳಗೆ ನುಗ್ಗೋ ಬಸ್ಸು ಲಾರಿ ಕಾಟ, ರಸ್ತೆ ದಾಟಕ್ಕೆ ಹೋಗಿ ಸತ್ತ ಮಕ್ಕಳು, ಮುದುಕರು, ಅದನ್ನ ಕಂಡ ಊರಿನೋರು ನಾವು. ಮೈಸೂರಿನ ಆಸ್ಪತ್ರೆಗೆ ಅರ್ಧ ಗಂಟೆ ಮುಂಚೆ ಮುಟ್ಟಿದ್ರೆ ಒಂದು ಜೀವ ಉಳೀತದೆ. ಹೋಟ್ಲು ಉಳೀಲಿ ಅಂತ ಯಾರ ಜೀವಾನೂ ತಡೆದು ನಿಲ್ಲಿಸಕ್ಕಾಗಲ್ಲ.

ಆದ್ರೆ ಈಗ ನಿಲ್ಲೋರು ಯಾರು ಅಂತ ನೋಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿಗೆ ನಡುರಸ್ತೇಲಿ ಜಾಗ ಇಲ್ಲ ಅಂತ ಆಯ್ತು. ಅವರು ಸರ್ವಿಸ್ ರಸ್ತೇಲಿ, ಹಳೇ ರಸ್ತೇಲಿ ಊರೂರು ದಾಟ್ಕಂಡೇ ಹೋಗಬೇಕು. ಎಲ್ಲಾ ಊರಲ್ಲೂ ನಿಲ್ಲೋ ಬಸ್ಸೂ ಅಲ್ಲೇ. ಉಳಿದಿರೋ ಹೋಟ್ಲು ಒಲೆ ಉರೀತಿರೋದು ಇವರಿಂದ. ಬೆಳಗ್ಗೆ ಏಳು ಗಂಟೆಗೆ ಅಂತ ಒಂದು ಹೋಟ್ಲಿಗೆ ಹೋಗಿ ನೋಡಿ. ಗಾರೆ ಕೆಲಸದೋರು, ಹಾಲು ಹಾಕಿ ಬಂದೋರು, ಗಾರ್ಮೆಂಟ್ಸಿಗೆ ಹೋಗೋ ಹೆಣ್ಮಕ್ಕಳು ಒಂದೇ ಬೆಂಚಲ್ಲಿ ಕುಂತು, ಒಂದೇ ತರ ಸ್ಟೀಲ್ ಲೋಟದಲ್ಲಿ ಕಾಫಿ ಕುಡೀತಿರ್ತಾರೆ. ಹೆಣ್ಮಕ್ಕಳಿಗೆ ಪರದೆ ಇಲ್ಲ, ಯಾರಿಗೂ ಕರಟ ಇಲ್ಲ. ಆ ಬೆಂಚು ಅಷ್ಟು ಸಲೀಸಾಗಿ ಬಂದದ್ದಲ್ಲ. ನೂರು ವರ್ಷ ಹಿಡೀತು.

ನಾವು ಕಾರಿನೋರು ಮಾತ್ರ ಮೇಲಿನ ರಸ್ತೇಲಿ ಗಾಜು ಏರಿಸ್ಕಂಡು, ಮನೆಯಿಂದ ತಂದ ಡಬ್ಬಿ ತೆಗೆದು ಕಾರಲ್ಲೇ ತಿಂತೀವಿ. ಒಂದು ರೀತೀಲಿ ತಿರುಗಾ ಬುತ್ತಿ ಕಾಲಕ್ಕೇ ಬಂದ್ವಿ. ಗೊತ್ತಿಲ್ಲದೋರ ಮಗ್ಗುಲಲ್ಲಿ ಕೂರಂಗಿಲ್ಲ, ಗೊತ್ತಿಲ್ಲದೋರ ಕೈ ಅಡುಗೆ ಬೇಕಾಗಿಲ್ಲ. ಆಗ ಕಟ್ಟು ಇತ್ತು, ಈಗ ಆತುರ ಐತೆ. ಅಷ್ಟೇ ವ್ಯತ್ಯಾಸ.

ಇಲ್ಲೀವರೆಗೂ ಬಂಡೀನೇ ನಮ್ಮನ್ನ ನಿಲ್ಲಿಸ್ತಿತ್ತು, ಈಗ ನಾವೇ ನಿಲ್ಲಬೇಕು. ಮದ್ದೂರಿಗೆ ಇಳಿಯೋ ದಾರೀಲಿ ಇಳಿದು ಹಳೇ ರಸ್ತೆ ಸೇರಕ್ಕೆ ಐದು ನಿಮಿಷ, ವಡೆ ತಿನ್ನಕ್ಕೆ ಹದಿನೈದು ನಿಮಿಷ. ಮೈಸೂರು ಅಲ್ಲೇ ಇರ್ತದೆ, ಎಲ್ಲೂ ಹೋಗಕ್ಕಿಲ್ಲ. ಜೊತೇಲಿ ಅವ್ವನೋ ದೊಡ್ಡವ್ವನೋ ಅತ್ತೇನೋ ಇದ್ರೆ, ನೀನು ಮೊದಲನೇ ಸಲ ಹೋಟ್ಲಲ್ಲಿ ಕುಂತದ್ದು ಯಾವಾಗ, ಯಾರ ಜೊತೆ, ಎಲ್ಲಿ ಕೂರಿಸಿದ್ರು ಅಂತ ಒಂದು ಮಾತು ಕೇಳಿ. ಎತ್ತಿನ ಲೆಕ್ಕ, ರೈಲಿನ ಲೆಕ್ಕ ಗೆಜೆಟಿಯರಲ್ಲಿ ಸಿಕ್ತದೆ. ಇದು ಅವರನ್ನ ಕೇಳಿದ್ರೆ ಮಾತ್ರ ಸಿಕ್ತದೆ, ಅದೂ ಅವರಿರೋವರೆಗೆ.